ಮೊಳೆಗೆ ಮರಳಿದ ಬಿಲ್ಲೆಗಳು

ಬಾಗಿಲು ಬಡಿದ ಸದ್ದು ಕೋಟೆಯ ಒಳಗಿನಿಂದ ಬಂತು.

ಬೆಟ್ಟದ ಕೋಟೆಯ ಹೆಬ್ಬಾಗಿಲಿಗೆ ಬೀಗ ಬಿದ್ದು ಒಂದೂವರೆ ತಾಸಾಗಿತ್ತು. ಪಕ್ಕದ ಕೋಣೆಯಲ್ಲಿ ಊಟಕ್ಕೆ ಕುಳಿತಿದ್ದ ಕಾವಲುಗಾರನ ತುತ್ತು ಕೈಯಲ್ಲೇ ಉಳಿಯಿತು. ಒಳಗೆ ಯಾರೂ ಇರುವಂತಿಲ್ಲ. ಬಂದವರಿಗೆ ಕೊಡುವ ಹಿತ್ತಾಳೆ ಬಿಲ್ಲೆಗಳು ಅವರು ಹೊರಡುವಾಗ ಗೋಡೆಯ ಮೊಳೆಗಳಿಗೆ ಮರಳಬೇಕು. ಮೊಳೆಗಳೆಲ್ಲ ತುಂಬಿದರೆ ಕೋಟೆ ಖಾಲಿ. ಇಪ್ಪತ್ತು ವರ್ಷ ಅವನು ಮೊಳೆಗಳನ್ನು ನೋಡಿ ಬೀಗ ಹಾಕಿದ್ದನೇ ಹೊರತು ಬೆಟ್ಟವನ್ನು ನೋಡಿ ಅಲ್ಲ. ಇಂದೂ ಒಂದು ಮೊಳೆಯೂ ಬರಿದಾಗಿರಲಿಲ್ಲ.

"ಗಾಳಿ ಇರ್ಬೇಕು ಭಾವ, ಊಟ ಮಾಡಿ," ಎಂದ ಹೆಂಡತಿಯ ತಮ್ಮ. ಅವನು ಕೋಟೆಯ ಗೈಡು. ಕೊನೆಯವರನ್ನು ಇಳಿಸಿಕೊಂಡು ಬರುವುದು ಅವನ ಹೊಣೆ. ಐದೂವರೆಯಾದರೆ ಅರ್ಧ ಮಾತಿಗೇ ಬಾಯಿ ಮುಚ್ಚುವವನೆಂದು ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು.

"ಎಣಿಸಿ ಮೂರ್ ಮೂರ್ ಸಲ ಬಡಿಯೋದನ್ನ ಗಾಳಿಗೆ ಯಾರೋ ಕಲಿಸಿದ್ದು?"

ಬೀಗ ತೆಗೆದರೆ, ಒಂಟಿ ಚಪ್ಪಲಿಯ ಹೆಂಗಸೊಬ್ಬಳು ಏದುಸಿರು ಬಿಡುತ್ತಿದ್ದಳು. "ನಮ್ಮೆಜಮಾನ್ರು ಮದ್ದಿನ ಮನೇಲಿದಾರೆ! ಬಾಗಿಲು ಬಿದ್ದು ಹೊರಗಡೆ ಅಗುಳಿ ಕೂತ್ಬಿಡ್ತು. ನನ್ ಕೈಲಿ ಎತ್ತಕ್ಕಾಗ್ಲಿಲ್ಲ. ಉಬ್ಬಸ ಅವರಿಗೆ, ಪಂಪು ನನ್ನ ಚೀಲದಲ್ಲೇ ಉಳಿದಿದೆ!"

ತೋಪಿನ ಮದ್ದು ತೇವವಾಗದಿರಲೆಂದು ಕಟ್ಟಿದ ಆ ಕೋಣೆಗೆ ಒಂದು ಬೆಳಕಿಂಡಿಯೂ ಇರಲಿಲ್ಲ.

"ನಿಮ್ಮ ಬಿಲ್ಲೆ?"

"ಯಾರ ಕೈಗೋ ಅವರೇ ಕೊಟ್ರಂತೆ. ನಾನು ಬುರುಜಿನ ಮೇಲಿದ್ದೆ."

ಮೂವರೂ ಮೆಟ್ಟಿಲು ಹತ್ತಿದರು. ಹಗಲೆಲ್ಲ ಮೆಟ್ಟಿಲಿಗೊಂದು ಕಥೆ ಹೇಳುವ ಗೈಡು ತುಟಿಪಿಟಕ್ಕೆನ್ನದೆ ಟಾರ್ಚು ಹಿಡಿದು ಹಿಂದುಳಿಯುತ್ತಿದ್ದ.

"ಮುಂದೆ ಬಾರೋ ಮಹರಾಯ, ಬೆನ್ನಿಗ್ಯಾಕೆ ಬೆಳಕು?"

"ಬಂದೆ ಭಾವ."

ಮದ್ದಿನ ಮನೆಯ ಬಾಗಿಲನ್ನು ಹೆಂಗಸು ಎರಡೂ ಕೈಯಿಂದ ಬಡಿದಳು. ಉತ್ತರವಿಲ್ಲ. ತುಕ್ಕು ಹಿಡಿದ ಅಗುಳಿಗೆ ಕಾವಲುಗಾರ ಹೆಗಲು ಕೊಟ್ಟ. ಅಲುಗಲಿಲ್ಲ. ಮತ್ತೊಮ್ಮೆ. ಬೆರಳ ಚರ್ಮ ಸುಲಿದು ಅಗುಳಿ ಮೇಲೆದ್ದಿತು.

ಒಳಗೆ ಗೋಡೆಗೊರಗಿ ಕುಸಿದಿದ್ದವನ ತುಟಿ ನೀಲಿಗಟ್ಟಿತ್ತು. ಹೆಂಡತಿ ಪಂಪು ಬಾಯಿಗಿಟ್ಟು ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು. ಎದೆ ಒಮ್ಮೆ ಉಬ್ಬಿತು, ಆಮೇಲೆ ಇನ್ನೊಮ್ಮೆ.

ಕಾವಲುಗಾರ ಅವನ ಪಕ್ಕದಲ್ಲೇ ಕುಳಿತ. ಆತನಿಗೆ ಉಸಿರು ಮರಳಿದ ಮೇಲೆ ಕೇಳಿದ: "ಸ್ವಾಮಿ, ಬಿಲ್ಲೆ ಯಾರಿಗೆ ಕೊಟ್ರಿ?"

ಹಿಂದಿದ್ದ ಟಾರ್ಚು ಆರಿತು.

"ಸೂರ್ಯ ಮುಳುಗೋದು ನೋಡ್ಕೊಂಡು ನಿಧಾನಕ್ಕೆ ಬನ್ನಿ, ಬಿಲ್ಲೆ ನಾನೇ ಹಾಕ್ತೀನಿ ಅಂದ್ರು... ಎಲ್ರೂ ಅವರನ್ನ ಅದೇನೋ ಅಂತ ಕರೀತಿದ್ರಪ್ಪ..." ಕತ್ತಲಲ್ಲಿ ಆತ ಉಸಿರೆಳೆದುಕೊಂಡ.

"ಹಾಂ, ಗಡಿಯಾರ."