ಕುಪ್ಪಣ್ಣನ ಬಲಗೈ

ಕುಪ್ಪಣ್ಣನ ತಲೆಯೊಳಗೆ ಒಂದು ಕೈಯ ಗುರುತಿತ್ತು. ವರ್ಷಗಟ್ಟಲೆ ಮಧುಕರ್‌ನ ಬಲಗೈ ಹೊಕ್ಕು ಹೊರಟು, ಒಳಗಿನ ಸ್ಪಂಜು ಅವನ ಬೆರಳುಗಳ ಅಳತೆಗೆ ತಗ್ಗಿಹೋಗಿತ್ತು. ಅವನು ಸತ್ತ ಮೇಲೆ ಹೆಂಡತಿ ತೇಜಶ್ರೀ ಆ ಗೊಂಬೆಯನ್ನು ಜೋಗುಪಾಳ್ಯದ ಮನೆಗೆ ತಂದು ಬೀರುವಿನಲ್ಲಿಟ್ಟಳು. ಆಗಾಗ ಕೈ ಹಾಕಿ, ಆ ತಗ್ಗುಗಳಲ್ಲಿ ತನ್ನ ಬೆರಳಿಟ್ಟು ಕೂರುತ್ತಿದ್ದಳು. ಅವನ ಬಟ್ಟೆಬರೆಯನ್ನು ಅತ್ತೆ ಯಾರಿಗೋ ಕೊಟ್ಟುಬಿಟ್ಟಿದ್ದರು. ಮುಟ್ಟುವುದಕ್ಕೆ ಉಳಿದದ್ದು ಇದೊಂದೇ.

'ಕುಪ್ಪಣ್ಣನ ಪಡಸಾಲೆ' ಕಾರ್ಯಕ್ರಮದಲ್ಲಿ ಆ ಗೊಂಬೆಯನ್ನು ಆಡಿಸಲು ಇಬ್ಬರು ಬೇಕಿತ್ತು. ತಲೆ, ಎಡಗೈ, ಮಾತು ಮಧುಕರ್‌ನದು, ಬಲಗೈ ತೇಜಶ್ರೀಯದು. ಗರುಡಾಚಾರ್‌ಪಾಳ್ಯದ ಹಳೆಯ ಗೋಡೌನಿನಲ್ಲಿ ಹಾಕಿದ ಸೆಟ್ಟು. ಜಗಲಿಯ ಹಿಂದೆ, ಕ್ಯಾಮೆರಾಗೆ ಕಾಣದಂತೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಕೈ ಮೇಲೆ, ಕಣ್ಣು ಮುಂದೆ ಗೊಂಬೆಯನ್ನು ತೋರಿಸುವ ಪುಟ್ಟ ಟಿವಿಯ ಮೇಲೆ. ಅತಿಥಿ ಏನಾದರೂ ಕೇಳಿ ಅವನಿಗೆ ಮಾತು ತೋಚದಿದ್ದರೆ ಮೊಣಕಾಲಿನಿಂದ ಎರಡು ಸಲ ತಟ್ಟುತ್ತಿದ್ದ. ಅವಳು ಕುಪ್ಪಣ್ಣನ ಕಿವಿ ಕೆರೆಯುತ್ತಿದ್ದಳು. ಅಷ್ಟರಲ್ಲಿ ಮಾತು ಹುಟ್ಟುತ್ತಿತ್ತು. ಕಿವಿ ಕೆರೆಯುವ ಕುಪ್ಪಣ್ಣ ಮನೆಮಾತಾದ. ತಟ್ಟುವ ವಿಷಯ ಮಾತ್ರ ಅವರಿಬ್ಬರಲ್ಲೇ ಉಳಿದಿತ್ತು.

ನಿಂತುಹೋಗಿದ್ದ ಪಡಸಾಲೆ ಒಂದು ದಿನದ ಮಟ್ಟಿಗೆ ಮತ್ತೆ ತೆರೆಯಲು ಕಾರಣ ಗಾಯಕಿ ಆಶ್ರಿತಾ. ಕೃಷ್ಣರಾಜಪುರದ ಆ ಹುಡುಗಿ ಮೊದಲ ಸಲ ಕ್ಯಾಮೆರಾ ಮುಂದೆ ಹಾಡಿದ್ದು ಇಲ್ಲೇ, ನಡುಗುತ್ತಾ, ಕುಪ್ಪಣ್ಣನ ಪಕ್ಕ ಕೂತು. ಈಗ ಆಟೋ ಆಟೋದಲ್ಲೂ ಅವಳ ಹಾಡು. ಬರುತ್ತೇನೆ, ಆದರೆ ಕುಪ್ಪಣ್ಣ ಮಾಮ ಇರಬೇಕು ಎಂದಳಂತೆ.

ನಿರ್ದೇಶಕ ಭಾರ್ಗವ್ ಮನೆಗೇ ಬಂದು ಕೇಳಿಕೊಂಡ. ತಲೆ ಆಡಿಸಲು ಮಧುಕರ್‌ನ ಗೆಳೆಯ ಸೀನ ಒಪ್ಪಿದ್ದಾನೆ, ಬಲಗೈ ಮಾತ್ರ ನೀವೇ ಆಗಬೇಕು ಎಂದ. ಸೀನನ ಕೈ ಚಿಕ್ಕದು, ಆ ತಗ್ಗಿನೊಳಗೆ ಹೋಗಿ ಬಂದರೆ ಗುರುತು ಕೆಡಲಾರದು ಎಂದು ತೇಜಶ್ರೀ ಲೆಕ್ಕ ಹಾಕಿದಳು. ಗೊಂಬೆಯಲ್ಲಿ ಏನನ್ನೂ ಬದಲಾಯಿಸಕೂಡದು ಎಂದಷ್ಟೇ ಹೇಳಿ ಕೊಟ್ಟು ಕಳಿಸಿದಳು.

ಶೂಟಿಂಗಿನ ದಿನ ಕುಪ್ಪಣ್ಣ ಹಾಗೇ ಇದ್ದ. ಅದೇ ಪೇಟ, ಅದೇ ಸುಕ್ಕು. ರೂಢಿಯಂತೆ ತಲೆಯೊಳಗೆ ಕೈ ಹಾಕಿದಳು. ಗಟ್ಟಿಯಾಗಿತ್ತು. ಹೊಸ ಸ್ಪಂಜಿನ ವಾಸನೆ ಬಂತು.

"ಸೀನನ ಕೈ ಒಳಗೆ ಜಾರ್ತಿತ್ತು, ಬಾಯಿ ಸರಿಯಾಗಿ ಮುಚ್ತಿರ್ಲಿಲ್ಲ," ಎಂದ ಭಾರ್ಗವ್. "ಮುಖ ಮುಟ್ಟಿಲ್ಲ ತೇಜಶ್ರೀ ಅವ್ರೇ. ಒಳಗಿಂದು ಯಾರಿಗೆ ಕಾಣ್ಸುತ್ತೆ ಅಂತ..."

"ಹಳೇದು ಎಲ್ಲಿ?"

ಅವನು ಬಾಗಿಲಾಚೆ ನೋಡಿದ. ಬೆಳಗಿನ ಕಸದ ಗಾಡಿ ಬಂದು ಹೋಗಿತ್ತು.

ಅವಳಿಗೆ ಅಳು ಬರಲಿಲ್ಲ. ಆಶ್ರಿತಾ ಆಗಲೇ ಜಗಲಿಯ ಮೇಲೆ ಕೂತಿದ್ದಳು. ಹೊರಟುಹೋಗಬೇಕೆಂದುಕೊಂಡ ತೇಜಶ್ರೀಯನ್ನು ಅಭ್ಯಾಸದ ಕಾಲುಗಳು ಜಗಲಿಯ ಹಿಂದಕ್ಕೆ ಕರೆದೊಯ್ದು ಕೂರಿಸಿದವು. ಸೀನನಿಗೆ ಕುಕ್ಕರುಗಾಲು ಆಗದು. ಅವನು ಮೋಟು ಸ್ಟೂಲಿನ ಮೇಲೆ ಕೂತು ಕಾಲೆರಡನ್ನೂ ಎಡಕ್ಕೆ, ಆಚೆಗೆ ಚಾಚಿದ. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿಯಿತು.

ಎಲ್ಲವೂ ಬರೆದಂತೆ ನಡೆಯಿತು. ಸೀನ ಮಧುಕರ್‌ನ ದನಿಯನ್ನು ಅನುಕರಿಸಲು ಹೋಗಲಿಲ್ಲ, ತನ್ನ ತೆಳು ದನಿಯಲ್ಲೇ ನಗಿಸಿದ. ಎರಡು ಹಾಡು ಮುಗಿದವು. ಪಡಸಾಲೆಯಲ್ಲಿ ಒಂದು ನಿಯಮ: ಯಾರೂ ಜಗಲಿಯ ಹಿಂದಿರುವವರ ಕಡೆ ನೋಡುವುದಿಲ್ಲ, ಮಾತೇನಿದ್ದರೂ ಗೊಂಬೆಯ ಕಣ್ಣಿಗೆ. ಆಶ್ರಿತಾ ಅದನ್ನು ಮರೆತಿರಲಿಲ್ಲ. ಹಾಳೆಯಲ್ಲಿ ಇಲ್ಲದ್ದನ್ನು ಅವಳು ಆ ಕಣ್ಣನ್ನೇ ನೋಡಿ ಮೆಲ್ಲಗೆ ಕೇಳಿದಳು.

"ಎಲ್ಲಿಗೆ ಹೋಗ್ಬಿಟ್ರಿ ಮಾಮ?"

ಸೀನನ ಬಾಯಿ ಕಟ್ಟಿತು. ಪುಟ್ಟ ಟಿವಿಯಲ್ಲಿ ಕುಪ್ಪಣ್ಣ ಬಾಯಿ ತೆರೆದುಕೊಂಡು ಕೂತಿದ್ದ.

ಆಗ ತೇಜಶ್ರೀಯ ಎಡ ಮೊಣಕಾಲಿಗೆ ಯಾರೋ ತಟ್ಟಿದರು. ಮತ್ತೊಮ್ಮೆ.

ಅವಳ ಕೈ ಎದ್ದಿತು. ಕುಪ್ಪಣ್ಣ ಕಿವಿ ಕೆರೆದುಕೊಂಡ. ತಲೆ ಬಲಕ್ಕೆ ವಾಲಿ, ಹಳೆಯ ಕುಪ್ಪಣ್ಣನ ಹಾಗೆಯೇ, ಅಂಗೈಗೆ ಒರಗಿತು.

"ಇಲ್ಲೇ ಇದ್ನಲ್ಲಮ್ಮ," ಎಂದಿತು ಸೀನನ ದನಿ.

ಆಶ್ರಿತಾ ಗೊಂಬೆಯ ಬಲಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು. ಹಿಡಿದುಕೊಂಡೇ ಕೊನೆಯ ಹಾಡು ಹಾಡಿದಳು. ಬಟ್ಟೆಯೊಳಗೆ ತೇಜಶ್ರೀಯ ಬೆರಳುಗಳು ಅಲ್ಲಾಡಲಿಲ್ಲ. ಹಾಡು ಅವಳಿಗೆ ಕೇಳಿಸಲೂ ಇಲ್ಲ. ಪಕ್ಕಕ್ಕೆ ತಿರುಗಿ ನೋಡಲು ಧೈರ್ಯ ಸಾಲದೆ ಟಿವಿಯನ್ನೇ ನೋಡುತ್ತಿದ್ದಳು.

ದೀಪಗಳು ಆರಿದ ಮೇಲೆ ಸೀನನನ್ನು ಕೇಳಿದಳು, ತಟ್ಟುವುದನ್ನು ಮಧು ಯಾವಾಗ ಹೇಳಿಕೊಟ್ಟಿದ್ದ ಎಂದು.

"ತಟ್ಟೋದಾ? ನಾನೆಲ್ಲಿ ತಟ್ದೆ ಅತ್ತಿಗೆ, ಕಾಲು ಈ ಕಡೆ ಇತ್ತಲ್ಲ," ಎಂದು ಅವನು ಜೋಮು ಹಿಡಿದ ಕಾಲನ್ನು ತಿಕ್ಕಿಕೊಂಡ. "ನಂಗೆ ಏನೂ ಹೊಳೀಲಿಲ್ಲ. ನಿಮ್ ಕೈ ಮೇಲೆ ಬಂತು, ತಲೆ ಅದಕ್ಕೆ ಒರಗಿಸ್ದೆ. ನೀವೇ ಕಾಪಾಡಿದ್ರಿ."

ಭಾರ್ಗವ್ ಗೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ತಂದು, ಕ್ಷಮಿಸಿ ಎಂದು ಮನೆಗೆ ಒಯ್ಯಲು ಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ. ಇಲ್ಲೇ ಇರಲಿ, ಪಡಸಾಲೆ ಮತ್ತೆ ಶುರು ಮಾಡುವುದಾದರೆ ಬಲಗೈಗೆ ತಾನೇ ಬರುತ್ತೇನೆ ಎಂದಳು. ಭಾರ್ಗವ್ ನಂಬಲಾರದೆ ತಲೆಯಾಡಿಸಿದ. ಸೀನನಿಗೆ ಖುಷಿಯೋ ಖುಷಿ. ಅಷ್ಟರೊಳಗೆ ಕುಕ್ಕರುಗಾಲು ಕಲಿತುಬಿಡುತ್ತೇನೆ, ಹತ್ತಿರ ಕೂತರೆ ಆಟ ಇನ್ನೂ ಚೆನ್ನಾಗಿ ಕೂಡುತ್ತದೆ ಎಂದ.

ತೇಜಶ್ರೀ ಜಗಲಿಯ ಹಿಂದೆ, ಇಬ್ಬರ ನಡುವೆ ಉಳಿದಿದ್ದ ಖಾಲಿ ನೆಲವನ್ನು ನೋಡಿದಳು.

"ಬೇಡ ಸೀನ. ಸ್ಟೂಲಲ್ಲೇ ಕೂತ್ಕೊಳ್ಳಿ. ಕಾಲು ಆ ಕಡೆಗೇ ಇರ್ಲಿ."