ದಾನೇಶ್ವರಿ ಮೇಡಮ್ಮಿನ ಅಮಾವಾಸ್ಯೆ

ಶಾಲೆಯಲ್ಲಿ ಒಂದು ರಾತ್ರಿ ನಕ್ಷತ್ರ ವೀಕ್ಷಣೆ ಇಟ್ಟುಕೊಳ್ಳೋಣ ಎಂಬ ಮಾತು ಎತ್ತಿದ್ದು ಹೆಡ್‌ಮಾಸ್ತರ್ ಶ್ರೀರಂಗಯ್ಯನವರು. ಸಿಕ್ಕಿಹಾಕಿಕೊಂಡಿದ್ದು ವಿಜ್ಞಾನದ ದಾನೇಶ್ವರಿ ಮೇಡಮ್.

ತಪ್ಪು ಮೇಡಮ್ಮಿನದೂ ಇತ್ತೆನ್ನಿ. ನಕ್ಷತ್ರಗಳ ಪಾಠವನ್ನು ಅಷ್ಟು ಚೆಂದವಾಗಿ ಮಾಡಬಾರದಿತ್ತು. ಕೃತ್ತಿಕೆ, ರೋಹಿಣಿ, ಮೃಗಶಿರ ಎನ್ನುತ್ತಾ ಬೋರ್ಡಿನ ಮೇಲೆ ಸೀಮೆಸುಣ್ಣದ ಚುಕ್ಕಿ ಇಡುತ್ತಿದ್ದರೆ ಹಿಂದಿನ ಬೆಂಚಿನವರೂ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ಆದರೆ ಆ ಚುಕ್ಕಿಗಳನ್ನೆಲ್ಲ ಮೇಡಮ್ ಕಂಡಿದ್ದು ಪುಸ್ತಕದಲ್ಲಿ ಮಾತ್ರ. ಅವರಿಗೆ ಚಿಕ್ಕಂದಿನಿಂದ ಇರುಳುಗುರುಡು. ಹೊತ್ತು ಮುಳುಗಿತೆಂದರೆ ಕಣ್ಣಿಗೆ ಕಂಬಳಿ ಹೊದಿಸಿದ ಹಾಗೆ. ಅತಿಥಿ ಶಿಕ್ಷಕಿಯ ಕೆಲಸ ಬೇರೆ, ಪ್ರತಿ ವರ್ಷ ಹೊಸದಾಗಿ ಕರೆಯಬೇಕು. ಕಣ್ಣು ಸರಿಯಿಲ್ಲವೆಂದು ಗೊತ್ತಾದರೆ ಯಾರು ಕರೆದಾರು? ಅದಕ್ಕೇ ಆರು ವರ್ಷದಿಂದ ಐದು ಗಂಟೆಯ ಬಸ್ಸು ಹಿಡಿದು, ಬೆಳಕಿರುವಾಗಲೇ ಚಿಕ್ಕನಾಯಕನಹಳ್ಳಿಯ ಮನೆ ಸೇರಿಕೊಳ್ಳುತ್ತಿದ್ದರು. ಮೇಡಮ್ಮಿಗೆ ಮನೆಯ ಮೇಲೆ ಎಷ್ಟು ಆಸೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ನಕ್ಕುಕೊಳ್ಳಲಿ ಎಂದು ಇವರು ಸುಮ್ಮನಿದ್ದರು.

ನವೆಂಬರಿನ ಆ ಸಂಜೆ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ತರ ಕೋಣೆಯಲ್ಲಿ ಮೀಟಿಂಗು. ಶಾಲಾ ಸಮಿತಿಯ ಅಧ್ಯಕ್ಷ ಬಸವರಾಜಪ್ಪ ಬಂದಿದ್ದರು. ಶಾಲೆಯ ಸುತ್ತಲಿನ ತೆಂಗಿನ ತೋಟ ಅವರದೇ. ಹಟ್ಟಿಯ ಕಡೆಯಿಂದ ಕುರಿ ಸಾಕುವ ಜುಂಜಣ್ಣ ಬಂದಿದ್ದ. ಅವನ ಮೊಮ್ಮಗಳು ಧನುಶ್ರೀ ಮೇಡಮ್ಮಿನ ಕ್ಲಾಸಿನಲ್ಲೇ ಓದುತ್ತಿದ್ದಳು.

"ಸಾರ್, ಇಲ್ಲಿ ಆಕಾಶ ಎಲ್ಲಿದೆ? ಎತ್ತ ನೋಡಿದ್ರೂ ತೆಂಗಿನ ಗರಿ" ಎಂದರು ಮೇಡಮ್. ಅದು ನಿಜವೂ ಆಗಿತ್ತು.

"ಹಂಗಂತ ಗರಿ ಕಡ್ಸಕ್ಕಾಗಲ್ಲ ಕಣ್ರೀ. ಫಲ ಬಿಟ್ಟಿರೋ ಮರ" ಎಂದು ಬಸವರಾಜಪ್ಪ ಮುಖ ಗಂಟಿಕ್ಕಿದರು. ಮೇಡಮ್ಮಿಗೆ ಬೇಕಿದ್ದುದೂ ಅದೇ.

"ನಮ್ಮ ಹಟ್ಟಿ ಹಿಂದೆ ಗುಡ್ಡ ಐತಲ್ಲ, ಅಡ್ಡಕ್ಕೆ ಒಂದ್ ಮರ ಇಲ್ಲ" ಎಂದ ಜುಂಜಣ್ಣ.

ಮೇಡಮ್ ಇದನ್ನು ಎಣಿಸಿರಲಿಲ್ಲ. ಆದರೂ ಮೂರು ದಿನ ಯೋಚನೆ ಮಾಡಿ ಇಟ್ಟುಕೊಂಡಿದ್ದ ಇನ್ನೊಂದು ಅಸ್ತ್ರವಿತ್ತು. "ಹಾಗಾದ್ರೆ ಅಮಾವಾಸ್ಯೆ ದಿನವೇ ಆಗ್ಬೇಕು ಸಾರ್. ಬೆಳದಿಂಗಳಲ್ಲಿ ಏನೂ ಕಾಣಲ್ಲ."

ಬಸವರಾಜಪ್ಪ ಅಮಾವಾಸ್ಯೆ ದಿನ ಕೊಬ್ಬರಿಯ ಚೀಲವನ್ನೂ ಮನೆಯಿಂದಾಚೆ ಹಾಕದ ಮನುಷ್ಯ. ಟೀ ಲೋಟ ಕೆಳಗಿಟ್ಟೇಬಿಟ್ಟರು. "ಅಮಾಸೆ ರಾತ್ರಿ ಮಕ್ಳನ್ನ ಗುಡ್ಡ ಹತ್ಸದಾ? ಬುಡ್ತು ಅನ್ನಿ ಮೇಡಮ್!"

ಮೇಡಮ್ ಹೊರಗೆ ಪೆಚ್ಚುಮೋರೆ ಹಾಕಿಕೊಂಡು ಒಳಗೊಳಗೇ ಉಸಿರು ಬಿಟ್ಟರು. ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು.

ಜುಂಜಣ್ಣ ನಕ್ಕ. "ಯಜಮಾನ್ರೇ, ತೋಳ ಏನು ಪಂಚಾಂಗ ನೋಡ್ಕಂಡ್ ಬತ್ತದಾ? ಅಮಾಸೆ ಅಂತ ನಾವು ಮಂದೆ ಕಾಯದು ಬುಟ್ಟೀವಾ? ಮಕ್ಳ ಹಿಂದ್ಗಡೆ ನಾನಿರ್ತೀನಿ, ಕಳ್ಸಿ."

ಮಾತು ಮರ್ಯಾದೆಗೆ ತಗುಲಿಕೊಂಡಿತು. ಒಂದೂವರೆ ಗಂಟೆ ಚರ್ಚೆಯಾಯಿತು. ಹೊರಗೆ ಐದರ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು. ಕೊನೆಗೆ ಬಸವರಾಜಪ್ಪ ಮೇಜು ಕುಟ್ಟಿದರು. "ಹಟ್ಟಿಯೋರಿಗಿರೋ ಧೈರ್ಯ ನಮಗಿಲ್ವೇನ್ರೀ? ಬರ್ಕಳಿ, ನನ್ ಮಗಳು ಇಂಪನಾನೂ ಬತ್ತಾಳೆ."

ಹೆಡ್‌ಮಾಸ್ತರರು ಸಂತೋಷದಿಂದ ಬರೆದುಕೊಂಡರು: ಮುಂದಿನ ಅಮಾವಾಸ್ಯೆ, ಹಟ್ಟಿಯ ಗುಡ್ಡ, ಮಕ್ಕಳ ಮುಂದೆ ನಡೆದು ನಕ್ಷತ್ರ ತೋರಿಸುವವರು, ದಾನೇಶ್ವರಿ. ಮೇಡಮ್ ಸಹಿ ಹಾಕಿದರು. ಹಾಕದೆ ಏನು ಮಾಡಿಯಾರು? ಇದ್ದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಾವೇ ಮುಚ್ಚಿಕೊಂಡಿದ್ದರು.

ಹೊರಗೆ ಬಂದಾಗ ಕತ್ತಲು. ಆರೂಮುಕ್ಕಾಲಿಗೆ ಇನ್ನೊಂದು ಬಸ್ಸಿತ್ತು, ಅದು ಶಾಲೆಯ ತನಕ ಬರುವುದಿಲ್ಲ, ತೋಟ ದಾಟಿ ಟಾರು ರಸ್ತೆಗೆ ಹೋಗಬೇಕು. ಅದೇ ದಾರಿ ಹಿಡಿದಿದ್ದ ಜುಂಜಣ್ಣ ಜೊತೆಯಾದ. ಮೇಡಮ್ಮಿನ ಮೊಬೈಲ್ ಟಾರ್ಚಿನಲ್ಲಿ ಕಂಡಿದ್ದು ತಟ್ಟೆಯಷ್ಟಗಲ ನೆಲ. ಎರಡು ಸಲ ಎಡವಿದರು. ಬಿದ್ದಿದ್ದ ತೆಂಗಿನ ಮಟ್ಟೆಯ ಮೇಲೆ ತಪ್ಪು ಹೊರಿಸಿದರು. ಜುಂಜಣ್ಣ ಹೆಜ್ಜೆ ನಿಧಾನ ಮಾಡಿದ. ಇವನಿಗೆ ಅನುಮಾನ ಬಂತೇನೋ ಎಂದು ಅವರಿಗೆ ಹೆದರಿಕೆಯಾಯಿತು.

ಮುಖಕ್ಕೆ ಗಾಳಿ ಬಡಿದಾಗ ತೋಟ ಮುಗಿದು ಬಯಲು ಬಂತೆಂದು ಗೊತ್ತಾಯಿತು. ಮೇಡಮ್ ತಲೆ ಎತ್ತಿ, ಕ್ಲಾಸಿನ ದನಿಯಲ್ಲೇ ಹೇಳಿದರು: "ಎಷ್ಟು ಚೆನ್ನಾಗಿ ಕಾಣ್ತಿವೆ ನೋಡಿ ನಕ್ಷತ್ರ! ಅವತ್ತೂ ಹೀಗೇ ಇದ್ರೆ ಸಾಕು."

ಜುಂಜಣ್ಣನ ಹೆಜ್ಜೆ ನಿಂತಿತು.

"ಮೇಡಮ್ಮೋರೇ, ಮೋಡ ಮುಚ್ಕಂಡೈತೆ. ಒಂದ್ ಚುಕ್ಕಿನೂ ಇಲ್ಲ."

ನಾಚಿಕೆಯಿಂದ ಮೇಡಮ್ಮಿನ ಕಿವಿ ಬಿಸಿಯಾಯಿತು. ಇನ್ನು ಯಾವ ಸುಳ್ಳೂ ಉಳಿದಿರಲಿಲ್ಲ. "ಯಾರಿಗೂ ಹೇಳ್ಬೇಡಿ ಜುಂಜಣ್ಣ. ಕೆಲ್ಸ ಹೋಗುತ್ತೆ" ಎಂದು ಅತ್ತೇಬಿಟ್ಟರು.

"ನಾನ್ಯಾಕ್ ಹೇಳಾನ ಬುಡವ್ವ. ಆದ್ರೆ ಅವತ್ತು ನನ್ ಮೊಮ್ಮಗಳು ಕೈ ಎತ್ತಿ, ಮಿಸ್, ಅದ್ಯಾವ್ದು ಅಂತ ಕೇಳ್ತಾಳೆ. ಆಗೇನಂತೀಯ?"

ಮೇಡಮ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ಕುರಿ ಕಾಯುವ ಕೋಲಿನ ತುದಿಯನ್ನು ಅವರ ಅಂಗೈಗೆ ಮುಟ್ಟಿಸಿದ. "ಹಿಡ್ಕ. ಮುಂದೆ ಕಾಲುವೆ ಐತೆ."

ಹಿಡಿದುಕೊಂಡರು. ಕಾಲುವೆ ದಾಟಿ ರಸ್ತೆಗೆ ಬಂದು ನಿಂತರು. ಬಸ್ಸಿನ ದೀಪ ಬಿದ್ದು ರಸ್ತೆ, ಜುಂಜಣ್ಣನ ಮುಖ, ತಮ್ಮದೇ ಕೈ ಎಲ್ಲವೂ ಕಂಡ ಮೇಲೂ ಮೇಡಮ್ ಆ ಕೋಲನ್ನು ಬಿಡಲಿಲ್ಲ.