ತೊಳೆದ ಹವಳ

"ಅಲ್ಲಮ್ಮಾ, ನಂಬರ್ ಅಳಿಸಿಹೋಗೋ ಹಾಗೆ ಅದನ್ನ ತೊಳೆದವರು ಯಾರು?"

ಫೋನು ಸ್ಪೀಕರಿನಲ್ಲಿತ್ತು. ನಂದಿತಾಳ ಎರಡೂ ಕೈಗೆ ಕಲ್ಲಿನ ರಾಡಿ ಮೆತ್ತಿತ್ತು. ಎದುರಿಗೆ ಹವಳದ ಐದು ತುಂಡುಗಳು ಸಾಲಾಗಿ ಮಲಗಿದ್ದವು. ಹಿರಿಯದು ಯಾವುದು, ಕಿರಿಯದು ಯಾವುದು, ಹೆತ್ತವಳಿಗೂ ಗೊತ್ತಾಗದಂತೆ.

"ಇಲ್ಲಿನ ಕೆಲಸದವರು, ಸರ್."

ಹೇಳಿ ತಲೆಯೆತ್ತಿದರೆ ಬಾಗಿಲಲ್ಲಿ ಕಲ್ಲು ಕುಯ್ಯುವ ಅಂಜನಪ್ಪ. ಆಗಷ್ಟೇ ಊಟ ಮುಗಿಸಿ, ತೊಳೆದ ಡಬ್ಬಿ ಹಿಡಿದು ಬಂದಿದ್ದ.

"ಅವರ ಕೈಗೆ ಯಾಕೆ ಕೊಟ್ಟೆ? ಹೋಗಲಿ, ನಿನ್ನ ತಪ್ಪಲ್ಲ ಬಿಡು," ಎಂದು ಅವಳ ಸಂಶೋಧನೆಯ ಗೈಡ್ ಬಸವಪ್ರಭು ಫೋನಿಟ್ಟರು.

ಅದು ಲಕ್ಷದ್ವೀಪದ ಕಡಲಿನ ಹವಳ. ವರ್ಷಕ್ಕೆ ಬೆರಳಗಲ ಬೆಳೆಯುವ ಜೀವ, ಪದರದ ಮೇಲೆ ಪದರ. ಕಡಲು ಬೆಚ್ಚಗಾದಂತೆ ಆ ಪದರದೊಳಗಿನ ಸ್ಟ್ರಾನ್ಷಿಯಮ್ ಎಂಬ ಧಾತು ಕಡಿಮೆಯಾಗುತ್ತದೆ. ಅದನ್ನು ಅಳೆದರೆ ಸಮುದ್ರಕ್ಕೆ ಯಾವ ವರ್ಷ ಜ್ವರ ಏರಿತ್ತು, ಯಾವ ವರ್ಷ ಇಳಿದಿತ್ತು ಎಂದು ನೂರು ವರ್ಷ ಹಿಂದಕ್ಕೂ ಹೇಳಬಹುದು. ಆದರೆ ತುಂಡುಗಳು ಅದಲುಬದಲಾದರೆ ತಾತನ ಕಾಲ ಮೊಮ್ಮಗನ ತೊಡೆಯೇರಿ ಕೂತಂತೆ. ತಾನು ಸಂಶೋಧನೆ ಮಾಡುತ್ತಿದ್ದ ಸಂಸ್ಥೆಯ ಗರಗಸ ಕೆಟ್ಟಿದ್ದರಿಂದ ನಂದಿತಾ ಆ ಹವಳವನ್ನು ಸತ್ಯಮಂಗಲದಲ್ಲಿದ್ದ ಚಿಕ್ಕಪ್ಪ ಗುರುಪ್ರಕಾಶನ ಗ್ರಾನೈಟ್ ಘಟಕಕ್ಕೆ ತಂದಿದ್ದಳು. "ಅಡುಗೆಮನೆ ಕಟ್ಟೆ ಕುಯ್ಯೋ ಮಿಷನ್ನಲ್ಲಿ ಸಮುದ್ರ ಕುಯ್ಯಕ್ ಬಂದವ್ಳೆ ನಮ್ಮ ಗುಬ್ಬಿ ಹುಡ್ಗಿ," ಎಂದು ನಗುತ್ತಲೇ ಅಂಜನಪ್ಪ ಬೆಳಗಿನಿಂದ ಮಗುವಿನ ಉಗುರು ಕತ್ತರಿಸುವಷ್ಟು ಹುಷಾರಾಗಿ ಕುಯ್ದುಕೊಟ್ಟಿದ್ದ. ಅವಳು ಹೇಳಿದಂತೆ ಮುರಿದ ತುದಿಗಳನ್ನೂ ನೇರ ಮಾಡಿ ಊಟಕ್ಕೆ ಹೋದ. ಆಮೇಲೆ ರಾಡಿ ತೊಳೆಯಲು ಅವಳೇ ಐದನ್ನೂ ಒಟ್ಟಿಗೆ ಬಕೆಟ್ಟಿಗೆ ಮುಳುಗಿಸಿದ್ದು. ತಾನೇ ಸ್ಕೆಚ್ ಪೆನ್ನಿನಲ್ಲಿ ಬರೆದ ನಂಬರುಗಳು ನೀಲಿ ನೀರಾಗಿ ಹೋದವು; ತುದಿ ನೇರವಾದ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಲೂ ಬರುವಂತಿರಲಿಲ್ಲ.

ಒಳಗೆ ಗಿರಾಕಿಗಳ ಜೊತೆ ಕೂತಿದ್ದ ಗುರುಪ್ರಕಾಶನಿಗೆ ಫೋನಿನ ಮಾತು ಕೇಳಿಸಿತ್ತು. ದಡದಡ ಹೊರಗೆ ಬಂದ.

"ಏನ್ಲಾ ಅಂಜನಪ್ಪ, ಓದೋ ಹುಡ್ಗೀರ್ ಸಾಮಾನಿಗೂ ನಿನ್ ಕೈ ಸುಮ್ನಿರಲ್ವೇನ್ಲಾ? ಇವತ್ತು ಇವರ ಸ್ಲ್ಯಾಬ್ ಮುಗ್ಸು. ನಾಳೆಯಿಂದ ಮಿಷನ್ ಮುಟ್ಬೇಡ, ಲಾರಿಗೆ ಕಲ್ ಹೊರಕ್ಕೋಗು."

ಅಂಜನಪ್ಪ ಡಬ್ಬಿಯನ್ನು ಗೂಡಿನಲ್ಲಿಟ್ಟು, ತಲೆಗೆ ಟವೆಲ್ ಸುತ್ತಿಕೊಂಡು, ಮಿಷನ್ ಹಾಕಿದ.

ಐವತ್ತು ದಾಟಿದ ಮನುಷ್ಯ ಲಾರಿಗೆ ಕಲ್ಲು ಹೊರುವುದು ನಂದಿತಾಳ ಕಣ್ಣಿಗೆ ಕಟ್ಟಿತು. ಚಿಕ್ಕಪ್ಪನ ಹಿಂದೆಯೇ ಆಫೀಸಿಗೆ ಹೋದಳು.

"ಚಿಕ್ಕಪ್ಪ, ತೊಳೆದಿದ್ದು ನಾನೇ. ಸಾರ್‌ಗೆ ಸುಳ್ಳು ಹೇಳ್ದೆ."

ಗುರುಪ್ರಕಾಶ ಗಿರಾಕಿಗಳ ಕಡೆ ತಿರುಗಿ ಹೆಮ್ಮೆಯಿಂದ ನಕ್ಕ. "ನೋಡುದ್ರಾ? ಕೆಲಸದವನನ್ನ ಉಳ್ಸಕ್ಕೆ ತನ್ ಮೇಲ್ ಹಾಕ್ಕೊತಾಳೆ. ನಮ್ಮಣ್ಣ ಬೆಳ್ಸಿರೋದೇ ಹಂಗೆ."

"ಒಳ್ಳೆ ಸಂಸ್ಕಾರ," ಅಂದರು ಅವರಲ್ಲೊಬ್ಬರು. "ಇಲ್ಲ ಚಿಕ್ಕಪ್ಪ, ನಿಜವಾಗ್ಲೂ," ಎಂದಷ್ಟೂ ಅವಳು ಅವರ ಕಣ್ಣಲ್ಲಿ ದೊಡ್ಡವಳಾಗುತ್ತ ಹೋದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೊರಗೆ ಬಂದು ಮಿಷನ್ನಿನ ಪಕ್ಕ ನಿಂತಳು. "ಅಂಜನಪ್ಪಣ್ಣ, ಅವ್ರು ನಂಬ್ತಿಲ್ಲ. ನೀವಾದ್ರೂ ಹೇಳಿ."

ಅವನು ಕಲ್ಲಿನಿಂದ ಕಣ್ಣು ಕೀಳಲಿಲ್ಲ. "ನಾನೇನ್ ಹೇಳನವ್ವ? ನಾನು ಉಣ್ಣಕ್ಕೋಗಿದ್ದೆ. ಕಂಡೋಳು ನೀನೊಬ್ಳೆ."

ಅವಳು ಕೈಯನ್ನು ಚೂಡಿದಾರಕ್ಕೇ ಒರೆಸಿಕೊಂಡು, ಅಲ್ಲೇ ನಿಂತು ಗೈಡ್ ನಂಬರು ಒತ್ತಿದಳು.

"ಸರ್, ನಂದಿತಾ. ಆಗ ಹೇಳಿದ್ದು—"

"ಹಲೋ? ಏನೂ ಕೇಳಿಸ್ತಿಲ್ಲಮ್ಮ, ಜೋರಾಗಿ ಹೇಳು."

ಅಂಜನಪ್ಪ ಕೈ ಚಾಚಿ ಸ್ವಿಚ್ ಆರಿಸಿದ. ಗರಗಸ ಸುತ್ತುತ್ತ ಸುತ್ತುತ್ತ ನಿಂತಿತು. ಇದ್ದಕ್ಕಿದ್ದಂತೆ ಸದ್ದಡಗಿದ್ದಕ್ಕೆ ಆಫೀಸಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಇತ್ತ ತಿರುಗಿದರು.